ಪೈಲ್ವಾನನ ರಕ್ತ ಮತ್ತು ನನ್ನ ಸಾಕ್ಷಿ

ನಾನು ಒಂದು ಗ್ರಾಫೀನ್ ಚಿಪ್. ನಿಮ್ಮ ಕಿರುಬೆರಳಿನ ಉಗುರಿಗಿಂತ ಚಿಕ್ಕವನು. ಗಾತ್ರ ನೋಡಿ ಕಡೆಗಣಿಸಬೇಡಿ. ಕಡೆಗಣಿಸಿದವರ ಕಥೆಯನ್ನೇ ಹೇಳಲು ಹೊರಟಿದ್ದೇನೆ.

ಧಾರವಾಡದ ಒಂದು ಲ್ಯಾಬಿನ ಕುಲುಮೆಯಲ್ಲಿ ಹುಟ್ಟಿದೆ. ಕಾದ ತಾಮ್ರದ ಹಾಳೆಯ ಮೇಲೆ ಮೀಥೇನ್ ಅನಿಲ ಹರಿಸಿದರು. ಅದರಲ್ಲಿದ್ದ ಇಂಗಾಲ ಒಂದೇ ಒಂದು ಪರಮಾಣುವಿನಷ್ಟು ದಪ್ಪದ ಪದರವಾಗಿ ಕೂತಿತು. ಅದೇ ನಾನು. ಆಮೇಲೆ ತಾಮ್ರವನ್ನು ಕರಗಿಸಿದರು. ತೇಲುತ್ತಿದ್ದ ನನ್ನನ್ನು ಮೆಹರುನ್ನಿಸಾ ನದಾಫ ಎಂಬ ಸಂಶೋಧನಾ ವಿದ್ಯಾರ್ಥಿನಿ ಹಾಲಿನ ಕೆನೆ ಎತ್ತುವಂತೆ ಎತ್ತಿ, ಸಿಲಿಕಾನ್ ತುಂಡಿನ ಮೇಲೆ ಉಸಿರು ಬಿಗಿಹಿಡಿದು ಮಲಗಿಸಿದಳು. ಸುಕ್ಕು ಬಿದ್ದಿದ್ದರೆ ನಾನು ದಂಡ.

ಹೃದಯದ ಸ್ನಾಯುವಿಗೆ ಪೆಟ್ಟಾದರೆ ಟ್ರೋಪೋನಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೋರುತ್ತದೆ. ಅದೊಂದನ್ನೇ ಹಿಡಿಯುವ ಆಂಟಿಬಾಡಿಗಳನ್ನು ಅವಳು ನನ್ನ ಮೈಮೇಲೆ ನೆಟ್ಟಳು. ಟ್ರೋಪೋನಿನ್ ಬಂದು ಕೂತರೆ ನನ್ನಲ್ಲಿ ಹರಿಯುವ ವಿದ್ಯುತ್ತು ಬದಲಾಗಿ ಪರದೆಯ ಮೇಲಿನ ಗೆರೆ ಏರುತ್ತದೆ. ಬರದಿದ್ದರೆ ಗೆರೆ ಮಲಗಿರುತ್ತದೆ. ನನ್ನ ಕಸುಬು ಇಷ್ಟೇ. ದಾಕ್ಷಿಣ್ಯ ಎಂಬುದು ನನಗೆ ಗೊತ್ತಿಲ್ಲ.

ಆ ಲ್ಯಾಬಿನಲ್ಲಿ ಒಂದು ರೂಢಿಯಿತ್ತು. ರೋಗಿಯ ರಕ್ತದ ಜೊತೆಗೆ ಆರೋಗ್ಯವಂತನ ರಕ್ತವನ್ನೂ ಪರೀಕ್ಷಿಸಿ, ಗೆರೆ ಮಲಗಿದ್ದನ್ನು ತೋರಿಸಬೇಕು. ಆ ಆರೋಗ್ಯವಂತ ಯಾವಾಗಲೂ ಲ್ಯಾಬಿನ ಸ್ಟೋರು ನೋಡಿಕೊಳ್ಳುವ ಫಕೀರಪ್ಪ. ಹರೆಯದಲ್ಲಿ ಕುಸ್ತಿ ಆಡಿದವನು. ಐವತ್ತು ದಾಟಿದರೂ ಗ್ಯಾಸ್ ಸಿಲಿಂಡರನ್ನು ಒಬ್ಬನೇ ಸಾಗಿಸುವವನು. ರಕ್ತ ಬೇಕಾದಾಗಲೆಲ್ಲ ಪೈಲ್ವಾನನನ್ನು ಕರೆಯಿರಿ ಎನ್ನುತ್ತಿದ್ದರು, ಅವನೂ ಹೆಮ್ಮೆಯಿಂದ ಬೆರಳು ಚಾಚುತ್ತಿದ್ದ. ಅವನ ಹೃದಯವನ್ನು ಯಾವ ಡಾಕ್ಟರೂ ನೋಡಿರಲಿಲ್ಲ. ತೋಳು ನೋಡಿಯೇ ಎಲ್ಲರಿಗೂ ತೃಪ್ತಿಯಾಗಿತ್ತು.

ನನ್ನ ಸರದಿ ಬಂದದ್ದು ದೆಹಲಿಯ ಅತಿಥಿಗಳು ಲ್ಯಾಬ್ ನೋಡಲು ಬಂದ ದಿನ. ಬೆಳಗಿನಿಂದ ಎಡಭುಜ ಭಾರವಾಗಿದೆ ಎಂದು ಫಕೀರಪ್ಪ ಮೆಹರುನ್ನಿಸಾಳಿಗೆ ಹೇಳಿದ. ಸಿಲಿಂಡರ್ ಎತ್ತಿದ್ದಕ್ಕೆ ಇರಬೇಕೆಂದು ಇಬ್ಬರೂ ಅಂದುಕೊಂಡರು. ಅವನ ರಕ್ತ ನನ್ನ ಮೇಲೆ ಬಿದ್ದದ್ದೇ ತಡ, ಟ್ರೋಪೋನಿನ್ ಮುಗಿಬಿದ್ದು ಬಂತು. ಶಕ್ತಿ ಇದ್ದಷ್ಟೂ ಗೆರೆಯನ್ನು ಏರಿಸಿದೆ. ಈ ಮನುಷ್ಯನ ಎದೆಯಲ್ಲಿ ಅನಾಹುತ ನಡೆದಿದೆ ಎಂದು ಕೂಗಿ ಹೇಳಲು ನನಗಿರುವುದು ಅದೊಂದೇ ಬಾಯಿ.

ಲ್ಯಾಬಿನ ಮುಖ್ಯಸ್ಥ ಪ್ರೊಫೆಸರ್ ಜಡಿಮಠರು ಅತಿಥಿಗಳತ್ತ ನಕ್ಕು, ಮೆಹರುನ್ನಿಸಾಳತ್ತ ಹಲ್ಲು ಕಚ್ಚಿದರು.

"ಚಿಪ್ ಕೆಟ್ಟೈತಿ. ಬ್ಯಾರೇದು ಹಾಕು."

ನನ್ನ ಒಡಹುಟ್ಟಿದವನನ್ನು ಹಾಕಿದರು. ಅವನೂ ಅದನ್ನೇ ಹೇಳಿದ. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಊರ ಪಂಚರೂ ಕಿವಿಗೊಡುತ್ತಾರೆ. ಇವರು ಇಡೀ ಬ್ಯಾಚೇ ಹಾಳು ಎಂದರು. ಮೂರನೆಯವನ ಮೇಲೆ ಬರೀ ಉಪ್ಪುನೀರು ಬಿಟ್ಟು, ಗೆರೆ ಮಲಗಿದ್ದನ್ನು ತೋರಿಸಿ, ಇದು ಆರೋಗ್ಯವಂತನ ಲಕ್ಷಣ ಎಂದರು. ಅತಿಥಿಗಳು ಚಪ್ಪಾಳೆ ತಟ್ಟಿದರು. ಇಷ್ಟೆಲ್ಲ ಓದಿದವರ ಬುದ್ಧಿಗೆ ಏನೆನ್ನಬೇಕು? ತನ್ನಿಂದ ಸಾಹೇಬರಿಗೆ ಮುಜುಗರವಾಯಿತೇ ಎಂದು ಮೆಲ್ಲಗೆ ವಿಚಾರಿಸಿ, ಬೆರಳಿಗೆ ಹತ್ತಿ ಒತ್ತಿಕೊಂಡು ಫಕೀರಪ್ಪ ಸ್ಟೋರಿಗೆ ಹೋದ.

ಮೆಹರುನ್ನಿಸಾಳ ಮೇಲೂ ನನಗೆ ಸಿಟ್ಟಿದೆ. ಅತಿಥಿಗಳು ಊಟಕ್ಕೆ ಹೋದ ಮೇಲೆ ನಮ್ಮಿಬ್ಬರನ್ನು ಮೈಕ್ರೋಸ್ಕೋಪಿನಡಿ ಇಟ್ಟು ಬಿರುಕು ಹುಡುಕಿದಳು. ಸಿಗಲಿಲ್ಲ. ಅದೇ ಬ್ಯಾಚಿನ ಇನ್ನೊಬ್ಬನ ಮೇಲೆ ತನ್ನ ರಕ್ತವನ್ನೇ ಹಾಕಿದಳು. ಗೆರೆ ತಣ್ಣಗೆ ಮಲಗಿತ್ತು. ಬ್ಯಾಚು ಕೆಟ್ಟಿರಲಿಲ್ಲ ಎಂಬುದು ಆಗ ಅವಳಿಗೆ ಹೊಳೆಯಿತು. ಮಧ್ಯಾಹ್ನವೆಲ್ಲ ನನ್ನನ್ನು ಪರೀಕ್ಷಿಸುತ್ತ ಕೂತಿದ್ದಳು, ಪರೀಕ್ಷೆ ಬೇಕಾಗಿದ್ದದ್ದು ಫಕೀರಪ್ಪನಿಗೆ! ಸ್ಟೋರಿಗೆ ಓಡಿದಳು. ಅವನು ಗೋಡೆಗೆ ಒರಗಿ, ಬೆವರಿನಲ್ಲಿ ತೊಯ್ದು ಕೂತಿದ್ದನಂತೆ. ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದಳು. ಜೀವ ಉಳಿಯಿತು. ಬೆಳಿಗ್ಗೆಯೇ ತಂದಿದ್ದರೆ ಹೃದಯ ಇಷ್ಟು ಹಾಳಾಗುತ್ತಿರಲಿಲ್ಲ ಎಂದರಂತೆ ಡಾಕ್ಟರು.

ನಾವು ಒಂದು ಸಲ ಹಿಡಿದದ್ದನ್ನು ಬಿಡುವ ಜಾತಿಯಲ್ಲ, ಹಾಗಾಗಿ ಮತ್ತೆ ಬಳಕೆಗೆ ಬರುವುದಿಲ್ಲ. ಈಗ ಕಪಾಟಿನ ಮೂಲೆಯ ಡಬ್ಬಿಯಲ್ಲಿದ್ದೇನೆ. ಮೊನ್ನೆ ಫಕೀರಪ್ಪ ಕೆಲಸ ಬಿಡುವ ಮುಂಚೆ ಎಲ್ಲರನ್ನೂ ಕಾಣಲು ಬಂದ. ಅಂಗಿ ಜೋಲುತ್ತಿತ್ತು, ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. ನನ್ನನ್ನು ನೋಡಬೇಕೆಂದು ಕೇಳಿದನಂತೆ. ಮೆಹರುನ್ನಿಸಾ ಡಬ್ಬಿ ತೆಗೆದು ಅವನ ಅಂಗೈಯಲ್ಲಿಟ್ಟಳು. ಕಣ್ಣಿನ ಹತ್ತಿರ ಹಿಡಿದು ನೋಡಿದ.

"ನಾ ಪೈಲ್ವಾನ ಅಂತ ನೀವೂ ನಂಬಿದ್ರಿ ಮೇಡಮ್ಮರ, ನಾನೂ ನಂಬಿದ್ನಿ. ಇದೊಂದ ನಂಬಲಿಲ್ಲ ನೋಡ್ರಿ."

ಅವಳು ಡಬ್ಬಿಯನ್ನು ಹಿಂದಕ್ಕೆ ಪಡೆದು ಮುಚ್ಚಿದಳು. ಪಕ್ಕದ ಕೋಣೆಯಲ್ಲಿ ಹೊಸ ಬ್ಯಾಚಿಗೆ ಆರೋಗ್ಯವಂತನ ರಕ್ತ ಬೇಕಾಗಿತ್ತು. ಗೇಟಿಗೆ ಬಂದಿರುವ ಹೊಸ ವಾಚ್‌ಮನ್ ಮಿಲಿಟರಿಯಲ್ಲಿದ್ದವನು, ಗಟ್ಟಿ ಆಳು, ಅವನನ್ನೇ ಕರೆಯಿರಿ ಎಂದು ಜಡಿಮಠರು ಹೇಳುತ್ತಿದ್ದರು.