ನೆರಳಿನಲ್ಲಿ ಅಳೆದ ಬಿಸಿಲು

ನೆರಳಿನಲ್ಲಿ ಅಳೆದ ಶಾಖವನ್ನು ಬಿಸಿಲಿನಲ್ಲಿ ಬಿದ್ದವನ ಮುಂದೆ ಓದಿದರೆ ಅದು ಸುಳ್ಳಾಗುತ್ತದೆಯೇ? ಅಂಕಿಯಂತೂ ಸುಳ್ಳಲ್ಲ. ಮೂವತ್ತಾರು ಎಂದರೆ ಮೂವತ್ತಾರೇ. ಹುಲ್ಲಿನ ಮೇಲೆ ನಡೆದುಹೋಗಿ, ಉಷ್ಣಮಾಪಕವಿಟ್ಟ ಬಿಳಿ ಡಬ್ಬಿಯ ಬಾಗಿಲು ತೆಗೆದು, ತನ್ನ ಉಸಿರು ತಾಗದಂತೆ ಮುಖ ಓರೆ ಮಾಡಿ ನೋಡಿದವನು ಅವನೇ. ಹಾಗಾದರೆ ಸುಳ್ಳು ಇರುವುದೆಲ್ಲಿ? ಅಕ್ಕನ ಅಡುಗೆಮನೆಯ ಬಾಗಿಲಿಗೆ ಒರಗಿ ಅವನು ಇದನ್ನೇ ಯೋಚಿಸುತ್ತಿದ್ದ.

ಒಳಗೆ ಬಾವ ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದರು. ರಸ್ತೆಗೆ ಬಿಸಿ ಡಾಂಬರು ಹರಡುವ ತಂಡದಲ್ಲಿ ಅವರದು ಪಳಗಿದ ಕೈ. ಬೇಸಿಗೆ ಮುಗಿಯುತ್ತ ಬಂದಿದ್ದ ಒಂದು ಮಧ್ಯಾಹ್ನ ಸಲಿಕೆಯ ಸಮೇತ ಕುಸಿದುಬಿದ್ದರು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಬಲಗೈ ನಡುಗುತ್ತಿತ್ತು, ಮಾತು ತಡವಾಗಿ ಬರುತ್ತಿತ್ತು. ಬಿಸಿಲಿಗೆ ಬಿದ್ದದ್ದು ಎಂದಾದರೆ ಕಂಪನಿ ಅವರಿಗೆ ಗೋಡೌನಿನಲ್ಲಿ ಕುಳಿತು ಮಾಡುವ ಕೆಲಸ ಕೊಡಬೇಕು. ಕುಡಿದು ಬಿದ್ದದ್ದು ಎಂದಾದರೆ ಮನೆಗೆ ಕಳಿಸಬಹುದು. ಇಂದು ಅದರ ವಿಚಾರಣೆ. ಹವಾಮಾನ ಕಚೇರಿಯಿಂದ ಆ ದಿನದ ವಿವರ ಓದಬೇಕಾದವನು ಇವನೇ. ಬಾವಮೈದುನ ಎಂಬುದು ಕಂಪನಿಗೂ ಗೊತ್ತಿತ್ತು. "ಅಂಕಿಗೆ ನೆಂಟಸ್ತಿಕೆ ಇರಲ್ವಲ್ಲ, ಬನ್ನಿ," ಎಂದು ಮ್ಯಾನೇಜರ್ ಫೋನಿನಲ್ಲಿ ನಕ್ಕಿದ್ದ.

ಅಕ್ಕ ಗಂಡನಿಗೆ ಗುಂಡಿ ಹಾಕಿಕೊಡಲು ಹೋಗಲಿಲ್ಲ. ಹೋದರೆ ಅವರಿಗೆ ಸಿಟ್ಟು.

"ಅಲ್ಲಿ ಏನು ಓದ್ತೀಯ?" ಎಂದಳು ತಮ್ಮನನ್ನು.

"ಇದ್ದದ್ದನ್ನ. ಮೂವತ್ತಾರು."

"ಆ ನಿನ್ನ ಡಬ್ಬಿ ಇರೋದೆಲ್ಲಿ?"

"ಹುಲ್ಲಿನ ಮೇಲೆ. ಸುತ್ತ ಪಟ್ಟಿ ಹೊಡೆದಿರ್ತಾರೆ, ಗಾಳಿ ಆಡೋ ಹಾಗೆ. ಒಳಗೆ ಯಾವಾಗಲೂ ನೆರಳು."

ಅಕ್ಕ ಪಾತ್ರೆಯನ್ನು ಕುಕ್ಕಿದಳು. "ಅಂದ್ರೆ ಡಬ್ಬಿಗಿರೋ ಮರ್ಯಾದೆ ನನ್ನ ಗಂಡನಿಗಿಲ್ಲ. ಅದಕ್ಕೆ ನೆರಳು, ಇವರಿಗೆ ಡಾಂಬರು."

"ಪುಣ್ಯ ಮಾಡಿತ್ತು," ಎಂದರು ಬಾವ, ಒಂದೊಂದೇ ಪದವನ್ನು ಹುಡುಕಿ ತಂದು. "ಮುಂದಿನ ಜನ್ಮಕ್ಕೆ... ನಾನೂ ಡಬ್ಬೀನೇ."

ಅಕ್ಕ ಒಲೆ ಆರಿಸಿ ಚಪ್ಪಲಿ ಮೆಟ್ಟಿಕೊಂಡಳು.

ವಿಚಾರಣೆಯ ಕೋಣೆಯಲ್ಲಿ ದಪ್ಪ ಪರದೆ ಎಳೆದಿತ್ತು, ಯಂತ್ರ ತಣ್ಣಗಿನ ಗಾಳಿ ಬಿಡುತ್ತಿತ್ತು. ಮೇಜಿನ ಈಚೆ ಅವರು ಮೂವರು, ಆಚೆ ಮ್ಯಾನೇಜರ್. ಅವನ ಪಕ್ಕದಲ್ಲಿ ತಂಡದ ಮೇಸ್ತ್ರಿ, ತನ್ನ ಬೂಟಿಗೆ ಅಂಟಿದ ಡಾಂಬರು ನೆಲಕ್ಕೆ ಹತ್ತೀತೆಂದು ಕಾಲು ಮಡಚಿಕೊಂಡು ಕುಳಿತಿದ್ದ.

"ನಮ್ಮ ನಿಯಮ ಸ್ಪಷ್ಟವಾಗಿದೆ," ಎಂದ ಮ್ಯಾನೇಜರ್. "ಶಾಖ ನಲವತ್ತು ಮುಟ್ಟಿದ್ರೆ ಮಧ್ಯಾಹ್ನ ಕೆಲಸ ನಿಲ್ಲಿಸ್ತೀವಿ. ಅವತ್ತು ಎಷ್ಟಿತ್ತು?"

"ಮೂವತ್ತಾರು."

"ಹಿಂದಿನ ವರ್ಷಗಳಲ್ಲಿ, ಅದೇ ತಾರೀಖಿಗೆ?"

ಅವನು ಓದಿದ. ಒಂದು ವರ್ಷ ಬೆಳಗಿನಿಂದಲೇ ಮೋಡ, ಮೂವತ್ತೊಂದು. ಒಂದು ವರ್ಷ ಧೂಳುಗಾಳಿ, ಇನ್ನೊಂದು ವರ್ಷ ಸಂಜೆ ಗುಡುಗು, ಅರೆಮನಸ್ಸಿನ ನಾಲ್ಕು ಹನಿ. ಉಳಿದೆಲ್ಲ ಮೂವತ್ತೈದು, ಮೂವತ್ತಾರು. ಮೋಡಕ್ಕೆ ವರ್ಷವರ್ಷಕ್ಕೂ ಮನಸ್ಸು ಬದಲಾಗಿತ್ತು, ಹಗಲಿಗೆ ಮಾತ್ರ ಬದಲಾಗಿರಲಿಲ್ಲ. ಆ ತಾರೀಖಿನ ಹಗಲು ಪ್ರತಿ ವರ್ಷವೂ ಹನ್ನೆರಡೂವರೆ ಗಂಟೆಗಿಂತ ತುಸು ಉದ್ದ, ದಿನಕ್ಕಿಷ್ಟು ಬೆಳೆಯುತ್ತಿರುವ ಹಗಲು.

"ಅಂದ್ರೆ ಎಲ್ಲಾ ವರ್ಷದ ಹಾಗೇ ಒಂದು ದಿನ. ಬೇಸಿಗೆಯ ಜೋರು ಇಳಿದಿತ್ತು."

ಅವನು ಕಾಗದ ಕೆಳಗಿಟ್ಟ. "ಬೇಸಿಗೆ ಇಳಿದ್ರೆ ನೆಲದ ಕಾವು ಇಳಿಯಲ್ಲ, ಸರ್. ತಿಂಗಳುಗಟ್ಟಲೆ ಕಾದ ನೆಲ ಅದು. ಅದರ ಮೇಲೆ ಹೊಗೆಯಾಡೋ ಡಾಂಬರು. ನಾನು ಓದಿದ್ದು ನೆರಳಿನ ಅಂಕಿ. ಬಿಸಿಲಲ್ಲಿ ನಿಂತವನದ್ದಲ್ಲ."

"ಬಿಸಿಲಲ್ಲಿ ಎಷ್ಟಿತ್ತು?"

"ಅದನ್ನ ನಾವು ಅಳೆಯಲ್ಲ."

"ಮತ್ತೆ ಯಾರು ಅಳೀತಾರೆ?"

"ಯಾರೂ ಇಲ್ಲ."

"ಹಾಗಾದ್ರೆ ಇರಲಿಲ್ಲ ಅಂತಾಯ್ತು."

ಅವನು ಚೀಲದಿಂದ ಒಂದು ರಟ್ಟಿನ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. ಕಚೇರಿಯ ಮಾಳಿಗೆಯಲ್ಲಿ ಒಂದು ಗಾಜಿನ ಗೋಲವಿದೆ. ಸೂರ್ಯ ಸರಿದಂತೆ ಅದರ ಹಿಂದಿನ ರಟ್ಟು ಸುಡುತ್ತ ಹೋಗುತ್ತದೆ, ಮೋಡ ಬಂದಲ್ಲಿ ಗೆರೆ ಕಡಿಯುತ್ತದೆ. ಆ ದಿನದ ಗೆರೆ ಬೆಳಗಿನಿಂದ ಸಂಜೆಯವರೆಗೆ ಎಲ್ಲೂ ಕಡಿದಿರಲಿಲ್ಲ. ಮ್ಯಾನೇಜರ್ ಅದನ್ನು ಮುಟ್ಟಿ ನೋಡಿ, ಬೆರಳಿಗೆ ಹತ್ತಿದ ಮಸಿಯನ್ನು ಕರವಸ್ತ್ರಕ್ಕೆ ಒರೆಸಿಕೊಂಡ.

"ಒಳ್ಳೆ ಬಿಸಿಲು. ಡಾಂಬರು ಕೆಲಸಕ್ಕೆ ಹೇಳಿ ಮಾಡಿಸಿದ ದಿನ."

"ನಲವತ್ತು ಅಂತ ಇಟ್ಟಿದ್ದೀರಲ್ಲ," ಎಂದ ಅವನು. "ಈ ಊರಲ್ಲಿ ನಮ್ಮ ಡಬ್ಬಿ ಒಂದು ಸಲಾನೂ ನಲವತ್ತು ಮುಟ್ಟಿಲ್ಲ. ಒಂದೇ ಒಂದು ಸಲಾನೂ. ಯಾವತ್ತೂ ಬಾರದ ದಿನಕ್ಕೆ ರಜೆ ಬರೆದಿಟ್ಟಿದ್ದೀರಿ."

ಮ್ಯಾನೇಜರ್ ಮೇಸ್ತ್ರಿಯ ಕಡೆ ತಿರುಗಿದ. "ನೋಡಿದ್ರಾ, ನಾವೆಷ್ಟು ತಂಪಾದ ಜಾಗದಲ್ಲಿದ್ದೀವಿ."

ಅಕ್ಕ ಎದ್ದು ನಿಂತಳು. "ಸರ್, ಸ್ವಲ್ಪ ಹೊರಗೆ ಬನ್ನಿ. ಹೊಸ ರಸ್ತೆ ಬಾಗಿಲಲ್ಲೇ ಇದೆ. ಬೂಟು ಬಿಚ್ಚಿ ನಿಂತ್ಕೊಳ್ಳಿ, ಎಷ್ಟು ಡಿಗ್ರಿ ಅಂತ ಅಂಗಾಲೇ ಹೇಳುತ್ತೆ."

"ಅಮ್ಮಾ, ಇದು ವಿಚಾರಣೆ."

"ಕುಡಿದಿಲ್ಲ ತಾನೇ ನೀವು? ಬೀಳಲ್ಲ, ಬನ್ನಿ."

ಮೇಸ್ತ್ರಿ ಕೆಮ್ಮಿದ, ನಗು ನುಂಗಿದನೋ ಏನೋ. ಮ್ಯಾನೇಜರ್ ಅವನನ್ನೇ ಹಿಡಿದ. "ಇವರು ಕುಡೀತಾರಾ?"

"ವಾರಕ್ಕೊಮ್ಮೆ, ಎಲ್ಲರ ಹಾಗೆ. ಅವತ್ತು... ನಾನು ನೋಡಿಲ್ಲ."

"ಕುಡಿದಿಲ್ಲ ಅಂತ ಹೇಳ್ತೀರಾ?"

ಮೇಸ್ತ್ರಿ ಬೂಟು ನೋಡಿಕೊಂಡ. "ನೋಡಿಲ್ಲ ಅಂದೆ."

ಬಾವ ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ನಾನು..." ಎಂದರು. ಮುಂದಿನ ಮಾತು ಬರಲಿಲ್ಲ. ತುಟಿ ಆಡುತ್ತಿತ್ತು, ಕತ್ತಿನ ನರ ಉಬ್ಬಿತ್ತು. ಅಕ್ಕ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕಾದಳು. ಮ್ಯಾನೇಜರ್ ಕೈಗಡಿಯಾರ ನೋಡಿಕೊಂಡ, ಪೆನ್ನು ಎತ್ತಿಕೊಂಡ. ಆ ಮಾತು ಬರುವ ಮೊದಲೇ ಬರೆದು ಮುಗಿಸಿದ.

ಕೆಲಸ ಹೋಯಿತು.

ಮೂವರೂ ಬಸ್ ನಿಲ್ದಾಣದವರೆಗೆ ನಡೆದು ಬಂದರು. ಅವನಿಗೆ ಹಿಂದಿರುಗಿ ಹೋಗಿ ಆ ಪರದೆಗಳನ್ನೆಲ್ಲ ಹರಿದುಹಾಕಬೇಕೆನಿಸುತ್ತಿತ್ತು. ಹರಿದರೆ ಹೊಸ ಪರದೆ ತರುತ್ತಾರೆ, ಅಷ್ಟೇ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತ ಮೇಲೆ ಬಾವನ ಬಾಯಿಂದ ಮಾತು ಹೊರಬಿತ್ತು.

"ನೀರು," ಎಂದರು. "ನೀರು ಮಾತ್ರ... ಕುಡಿದಿದ್ದೆ."

"ಈಗ ಹೇಳಿ, ಈಗ," ಎಂದಳು ಅಕ್ಕ. ಆಮೇಲೆ ಮುಖ ಆಚೆ ತಿರುಗಿಸಿಕೊಂಡು, ತಮ್ಮನಿಗೋ ರಸ್ತೆಗೋ ಗೊತ್ತಾಗದಂತೆ ಅಂದಳು: "ಇಷ್ಟು ವರ್ಷ ದಿನಾ ಆಕಾಶ ನೋಡಿದ್ರಲ್ಲೋ ನೀವೆಲ್ಲ. ಒಂದು ದಿನಾನಾದ್ರೂ ಬಗ್ಗಿ ರಸ್ತೆ ನೋಡಬಾರದಿತ್ತಾ?"

"ಅವನನ್ನ... ಬಯ್ಯಬೇಡ," ಎಂದರು ಬಾವ. ನಡುಗುವ ಕೈಯನ್ನು ಅವನ ಮೊಣಕಾಲ ಮೇಲಿಟ್ಟರು. "ನನ್ನ... ನಂಬಿದವನು ಅವನೊಬ್ಬನೇ."

ಅವನು ಆ ಕೈಯನ್ನು ಹಿಡಿದುಕೊಂಡ. ಬಸ್ಸು ಬಂತು, ಹತ್ತಿದರು.

ಬಾವ ಬಿದ್ದ ಸುದ್ದಿ ಬಂದ ಮಧ್ಯಾಹ್ನ ತಾನು ಮೊದಲು ನೋಡಿದ್ದು ಆ ಅಂಕಿಯನ್ನು, ಮೂವತ್ತಾರಕ್ಕೆ ಯಾರಾದರೂ ಬೀಳುತ್ತಾರೆಯೇ, ಕುಡಿದಿರಬೇಕು ಎಂದುಕೊಂಡೆ ಎಂಬುದನ್ನು ಅವನು ಬಾವನಿಗೆ ಎಂದೂ ಹೇಳಲಿಲ್ಲ.