ಅತ್ತೆಯ ಮರಳುಚೀಲ

ಮಾವನ ಹೊಲಿಗೆ ಅಂಗಡಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಕಿಟಕಿಯ ಕೆಳಗೆ ಯಂತ್ರ, ಗೋಡೆಗೆ ಒತ್ತಿಕೊಂಡು ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಇಸ್ತ್ರಿಯ ಬಿಸಿಗೆ ಉಣ್ಣೆಯ ಕೋಟಿನಿಂದ ಏಳುತ್ತಿದ್ದ ಆ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಿದ್ದರೆ ನಾನು ನಡೆಯುತ್ತಿದ್ದವಳು ನಿಂತುಬಿಡುತ್ತೇನೆ. ಆ ಮೇಜಿನ ಎದುರಿಗೇ ನಮ್ಮ ಅತ್ತೆ ಭಾರ ಎತ್ತಲು ಕಲಿತದ್ದು.

ನನ್ನ ಮಗಳು ಹುಟ್ಟಿದ ವರ್ಷ ಅದು. ಅವಳು ಹುಟ್ಟುವ ಮುಂಚೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದರು. ಮೂಳೆ ಕೂಡಿತು, ಕಟ್ಟು ಬಿಚ್ಚಿದರು, ಆದರೆ ಕೈಯಲ್ಲಿ ಕಸುವಿರಲಿಲ್ಲ. ಮಗುವನ್ನು ಅವರ ಮಡಿಲಿಗೆ ನಾನೇ ಹಾಕಬೇಕಿತ್ತು, ನಾನೇ ತೆಗೆದುಕೊಳ್ಳಬೇಕಿತ್ತು. ನನ್ನ ರಜೆಯಲ್ಲಿ ಇನ್ನು ಎರಡು ತಿಂಗಳಷ್ಟೇ ಉಳಿದಿತ್ತು. ನಾನು ಕಾಲೇಜಿನ ಗ್ರಂಥಾಲಯದ ಕೆಲಸಕ್ಕೆ ಮರಳಿದ ಮೇಲೆ ಮಗು ಅಜ್ಜಿಯ ಬಳಿ ಇರುವುದೋ, ಶಿಶುವಿಹಾರಕ್ಕೆ ಹೋಗುವುದೋ ಎಂಬುದು ಆ ಒಂದು ಕೈಯ ಮೇಲೆ ನಿಂತಿತ್ತು.

"ತೊಟ್ಟಿಲಲ್ಲಿ ಅತ್ತರೆ ನಾನೇ ಎತ್ಕೋಬೇಕು ಕಣಮ್ಮ. ನೋಡ್ತಾ ಕೂರೋಕೆ ನಾನೇನು ಗೋಡೆ ಮೇಲಿನ ಪಟಾನಾ?" ಎನ್ನುತ್ತಿದ್ದರು.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಮರಳುಚೀಲ ಎತ್ತಲು ಹೇಳಿದರು. ಸಲೀಸಾದಾಗೆಲ್ಲ ಒಂದೊಂದು ಹಿಡಿ ಮರಳು ಸೇರಿಸಬೇಕು, ಭಾರ ಬಿದ್ದರೇ ಮೂಳೆಗೂ ಗಟ್ಟಿತನ ಎಂದರು. ಮಾವ ದಪ್ಪ ಕ್ಯಾನ್ವಾಸಿನಲ್ಲಿ ಚೀಲ ಹೊಲಿದರು. ಹಿಡಿಕೆ ಅಂಗೈಗೆ ಒತ್ತದಿರಲೆಂದು ಒಳಗೆ ಮೆತ್ತನೆಯ ಬಟ್ಟೆ ಇಟ್ಟಿದ್ದರು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಕೋಟಿಗೆ ಗುಂಡಿ ಹಾಕಿಸಲು ಬಂದ ಎದುರುಮನೆ ಅಕ್ಕ ಅತ್ತೆ ಚೀಲ ಎತ್ತುವುದನ್ನು ಕಂಡು ಬಾಗಿಲಲ್ಲೇ ನಿಂತರು.

"ಏನಿದು ಅವತಾರ? ಗಂಡಸರ ಥರ ತೋಳು ಬಂದುಬಿಡುತ್ತೆ ನೋಡಿ!"

"ಈ ಮನೆ ಗಂಡಸಿನ ತೋಳು ನೋಡಿದೀಯಾ?" ಅತ್ತೆ ಮಾವನ ಕಡೆ ಗದ್ದ ತೋರಿಸಿದರು. "ಆ ಥರ ಬಂದ್ರೆ ಗಾಳಿಗೆ ಹಾರಿಹೋಗ್ತೀನಿ."

"ನಗಬೇಡಿ. ಹೆಂಗಸರು ಭಾರ ಎತ್ತಿದ್ರೆ ಗರ್ಭಕೋಶ ಜಾರುತ್ತಂತೆ. ಎತ್ತೋದು ಬಿಟ್ಟ ಮೇಲೆ ಮೈಯೆಲ್ಲ ಬೊಜ್ಜಾಗುತ್ತಂತೆ."

"ಇಷ್ಟು ವರ್ಷ ನೀರಿನ ಕೊಡ ಹೊತ್ತಾಗ ಯಾರೂ ಹೀಗಂತ ಹೇಳಲಿಲ್ವಲ್ಲೇ!"

"ಮುರಿದ ಮೂಳೆ, ವಯಸ್ಸಾದ ಮೂಳೆ... ಮತ್ತೆ ಪಟಕ್ ಅಂದ್ರೆ?"

ಅತ್ತೆ ನಕ್ಕರು. ಯಂತ್ರ ತುಳಿಯುತ್ತಿದ್ದ ಮಾವನ ಕಾಲು ಮಾತ್ರ ಒಂದು ಗಳಿಗೆ ನಿಂತಿತು.

ಅಂದಿನಿಂದ ಚೀಲ ಮಾವನ ಉಸ್ತುವಾರಿಗೆ ಹೋಯಿತು. ತರುವವರೂ ಅವರೇ, ಒಳಗಿಡುವವರೂ ಅವರೇ. "ಉಸ್ಸಪ್ಪಾ, ಏನು ಭಾರ ಮಾರಾಯ್ತಿ!" ಎನ್ನುತ್ತಾ ಮೇಜಿನ ಮೇಲಿಡುತ್ತಿದ್ದರು. ವಾರ ವಾರಕ್ಕೂ ಚೀಲ ಉಬ್ಬುತ್ತಾ ಹೋಯಿತು, ಅತ್ತೆಯ ಮುಖವೂ ಅರಳುತ್ತಾ ಹೋಯಿತು.

ರಜೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಮಗು ಅತ್ತಿತು. ಅತ್ತೆ ನನಗೆ ದೂರ ನಿಲ್ಲಲು ಸನ್ನೆ ಮಾಡಿ ತೊಟ್ಟಿಲಿಗೆ ಬಾಗಿದರು. ಮಗು ಹಾಸಿಗೆಯಿಂದ ಗೇಣುದ್ದ ಮೇಲೆ ಬಂತು. ಕೈ ಗಡಗಡ ನಡುಗಿತು. ಮೆಲ್ಲಗೆ, ಬಹಳ ಮೆಲ್ಲಗೆ, ವಾಪಸು ಮಲಗಿಸಿದರು.

"ಶಿಶುವಿಹಾರದವರಿಗೆ ಹೇಳಿಬಿಡಮ್ಮ," ಎಂದರು. "ಇಷ್ಟು ಎತ್ತಿ ಎತ್ತಿ ಅಭ್ಯಾಸ ಮಾಡಿದ್ರೂ ಆಗಲಿಲ್ಲ ಅಂದ್ರೆ ಈ ಕೈ ಇಷ್ಟೇ."

ಅವರ ಕಣ್ಣಿಗೆ ಬೀಳದಿರಲೆಂದು ನಾನು ಚೀಲವನ್ನು ಒಳಗಿಡಲು ಹೋದೆ. ಭಾರವಿರುತ್ತದೆಂದು ಬಲ ಹಾಕಿ ಎತ್ತಿದ ರಭಸಕ್ಕೆ ಅದು ನನ್ನ ಭುಜದವರೆಗೂ ಹಾರಿಬಂತು. ತಲೆದಿಂಬಿನಷ್ಟು ಹಗುರ.

ಮಾವ ಮೇಜಿನ ಅಂಚು ಹಿಡಿದು ನಿಂತಿದ್ದರು. "ಮರಳು ತೆಗೆದು ಚೂರುಬಟ್ಟೆ ತುಂಬ್ತಿದ್ದೆ," ಎಂದರು ಅತ್ತೆಗೆ. "ಆಸ್ಪತ್ರೇಲಿ ನೀನು ನೋವಿಗೆ ಕೂಗಿದ್ದು ಇನ್ನೂ ಕಿವೀಲಿದೆ. ನನ್ನ ಕೈಯಾರೆ ನಿನ್ನ ಮೇಲೆ ಭಾರ ಹೇರಿ, ಮತ್ತೆ ಆ ಮೂಳೆ ಮುರಿದ್ರೆ..."

ಅತ್ತೆ ಚೀಲ ಕಿತ್ತುಕೊಂಡು ಹೊಲಿಗೆ ಹರಿದರು. ಕೋಟುಗಳ ಕಪ್ಪು, ಬೂದು ಚೂರುಗಳು ನೆಲಕ್ಕೆ ಸುರಿದವು. ಇನ್ನೇನು ಸಿಡಿಯುತ್ತಾರೆ ಎಂದುಕೊಂಡೆ. ಅವರು ಕುಸಿದು ಕುಳಿತು ನಗತೊಡಗಿದರು, ಕಣ್ಣಲ್ಲಿ ನೀರು.

"ಅಯ್ಯೋ, ಹಾಗಾದ್ರೆ ನನ್ನ ಕೈ ಕೆಟ್ಟಿಲ್ಲ ಕಣಮ್ಮ! ಅದಕ್ಕೆ ಕೆಲಸಾನೇ ಕೊಟ್ಟಿಲ್ಲ ಈ ಪುಣ್ಯಾತ್ಮ!" ಮರುಕ್ಷಣ ದನಿ ಏರಿತು. "ರೀ, ಮರಳು ತನ್ನಿ. ನನ್ನ ಕಣ್ಣೆದುರಿಗೆ ತುಂಬಿ."

ಮಾವ ಹಿಡಿ ಹಿಡಿಯಾಗಿ ತುಂಬಿದರು.

ನಾನು ಗ್ರಂಥಾಲಯದ ಮುಖ್ಯಸ್ಥರ ಬಳಿ ಇನ್ನಷ್ಟು ರಜೆ ಕೇಳಲು ಹೋದೆ. ಕಾರಣ ಕೇಳಿ ಅವರು ಕನ್ನಡಕ ಒರೆಸಿಕೊಂಡರು. "ಪುಸ್ತಕಗಳು ಎಲ್ಲೂ ಓಡಿಹೋಗಲ್ಲಮ್ಮ. ಅವರ ಕೈ ಗಟ್ಟಿಯಾಗಲಿ," ಎಂದರು. ಅಷ್ಟು ದಿನ ನನ್ನ ಮೇಜನ್ನೂ ಅವರೇ ನೋಡಿಕೊಂಡರೆಂದು ಆಮೇಲೆ ತಿಳಿಯಿತು.

ಈ ಸಲ ಚೀಲ ಉಬ್ಬಲಿಲ್ಲ, ತೂಗಿತು. ಅತ್ತೆ ಬೆವರಿದರು, ಮಾವನನ್ನು ಬೈದರು, ಕೆಲವು ದಿನ ಕೈನೋವೆಂದು ಕೂತರು, ಮತ್ತೆ ಎದ್ದರು. ಎದುರುಮನೆ ಅಕ್ಕ ಹೆದರಿಸಿದ ತೋಳು ಮಾತ್ರ ಬರಲೇ ಇಲ್ಲ. ಅಳತೆ ಪಟ್ಟಿ ಹಿಡಿದು ಮಾವನೇ ಸಾಕ್ಷಿ ಹೇಳಿದರು.

ಚಳಿ ಕಳೆದು ಬಿಸಿಲು ಕಿಟಕಿಯೊಳಗೆ ಬರುತ್ತಿದ್ದ ಒಂದು ಬೆಳಿಗ್ಗೆ ಮಗು ಎದ್ದು ಅತ್ತಿತು. ಅಷ್ಟರಲ್ಲಿ ಅದೂ ಮೈತುಂಬಿಕೊಂಡಿತ್ತು. ಅತ್ತೆ ಕಾಲು ಅಗಲಿಸಿ ನಿಂತು, ಬಾಗಿ, ಎರಡೂ ಕೈ ಕೆಳಗೆ ತೂರಿಸಿ ಎತ್ತಿದರು. ಎಲ್ಲಿದ್ದರೋ ಮಾವ, ಓಡಿಬಂದು ಮಗುವಿನ ಕೆಳಗೆ ತಮ್ಮ ಎರಡು ಬಡಕಲು ಕೈಗಳನ್ನು ಚಾಚಿ ನಿಂತರು.

ಅತ್ತೆ ಅವರನ್ನೇ ನೋಡಿದರು. ಮಾವ ಒಂದು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಮಗು ಅಜ್ಜಿಯ ಭುಜಕ್ಕೆ ಒರಗಿ ಅಳು ನಿಲ್ಲಿಸಿತು.

"ನೀನು ಕೆಲಸಕ್ಕೆ ಹೊರಡಮ್ಮ, ಹೊತ್ತಾಯ್ತು," ಎಂದರು ಅತ್ತೆ ನನಗೆ.