ಡಿಕಾಕ್ಷನ್ನಿನಲ್ಲಿ ಘಮ ಇಲ್ಲ

ನನ್ನ ಗಂಡ ಲೋಕೇಶ್ ಸಂಕ್ರಾಂತಿ ಆಫರಿನಲ್ಲಿ ಕರೆಂಟಿನ ಕಾಫಿ ಮಿಷನ್ ತಂದರು. ನೀರು, ಪುಡಿ ಹಾಕಿ ಗುಂಡಿ ಒತ್ತಿದರೆ ಡಿಕಾಕ್ಷನ್ ತಾನಾಗಿ ಇಳಿಯುತ್ತದೆ. ಅತ್ತೆ ಗಂಗಲಕ್ಷ್ಮಮ್ಮನವರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

'ಬಣ್ಣ ಐತೆ, ಘಮ ಇಲ್ಲ' ಎಂದರು.

ನಮ್ಮ ಬೈರಾಪಟ್ಟಣದಲ್ಲಿ ಕಾಫಿಯ ವಿಷಯಕ್ಕೆ ಅತ್ತೆಯ ಮಾತೇ ಕೊನೆ. ಯಾರ ಮನೆಗೆ ಹೆಣ್ಣು ನೋಡಲು ಬರಲಿ, ಡಿಕಾಕ್ಷನ್ ಹಾಕಲು ಇವರಿಗೇ ಕರೆ. ನಾನೋ ಬಿಡದಿಯ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡುವವಳು. ತಪ್ಪು ಎಲ್ಲಿದೆ ಎಂದು ಗೊತ್ತಾಗುವ ತನಕ ನನಗೆ ಅನ್ನ ಸೇರುವುದಿಲ್ಲ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡು ಅನ್ನುವುದು ನಮ್ಮಲ್ಲಿನ ಕಟ್ಟುನಿಟ್ಟು. ಅದನ್ನೇ ಅಡುಗೆಮನೆಗೂ ತಂದೆ.

ಮೊದಲು ಮಿಷನ್. ಒಳಗೆ ಬೋರ್‌ವೆಲ್ ನೀರಿನ ಬಿಳಿ ಕರೆ ಆಗಲೇ ಕಟ್ಟಿತ್ತು. ನಿಂಬೆರಸ ಬೆರೆಸಿದ ನೀರು ಹರಿಸಿದೆ, ಆಮೇಲೆ ಬರೀ ನೀರು ಹರಿಸಿದೆ. ಕರೆ ಹೋಯಿತು, ದೂರು ಹೋಗಲಿಲ್ಲ. ಅಟ್ಟದ ಮೇಲಿದ್ದ ಹಳೆಯ ಸ್ಟೀಲ್ ಫಿಲ್ಟರನ್ನು ಇಳಿಸಿ, ತೂತುಗಳಲ್ಲಿ ಕೂತಿದ್ದ ಪುಡಿಯನ್ನು ಗ್ಯಾಸಿನ ಉರಿಗೆ ಹಿಡಿದು ಸುಟ್ಟು ಉಜ್ಜಿದೆ. ಅತ್ತೆ ಮೂಗು ಮುರಿದರು. ಬೋರ್ ನೀರು ಬಿಟ್ಟು ಕ್ಯಾನ್ ನೀರು ಹಾಕಿದೆ. ಅದಕ್ಕೂ ಅದೇ ಮಾತು.

ಕೊನೆಗೆ ಚನ್ನಪಟ್ಟಣಕ್ಕೆ ಹೋಗಿ, ಚಿಕೋರಿ ಕಮ್ಮಿ ಹಾಕಿಸಿ, ಕಣ್ಣೆದುರೇ ಪುಡಿ ಮಾಡಿಸಿಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕದ ಸೀಟಿನಾಕೆ 'ಯಾವ ಅಂಗ್ಡಿ ಪುಡಿ ಅಕ್ಕ? ಬಸ್ಸೆಲ್ಲಾ ಘಮ್ ಅಂತೈತೆ' ಎಂದು ಕೇಳಿದಳು. ಮನೆಯಲ್ಲಿ ಮಾತ್ರ ಅತ್ತೆ ತಲೆ ಅಲ್ಲಾಡಿಸಿದರು. ಇದೇನು ಮಾಯ ಎಂದು ನನಗೆ ತಲೆಗೆ ಹುಳ ಬಿಟ್ಟಂತಾಯಿತು.

ಅಷ್ಟರಲ್ಲಿ ಅತ್ತೆ ತಮ್ಮದೇ ಉತ್ತರ ಕಂಡುಕೊಂಡಿದ್ದರು. ಪಕ್ಕದ ಮನೆ ರಾಧಾಮಣಿಯ ಹತ್ತಿರ ಹೇಳುತ್ತಿದ್ದುದು ನನ್ನ ಕಿವಿಗೇ ಬಿತ್ತು.

'ಹೊಸ ಪುಡಿ ತಂದು ಎತ್ತಿಡ್ತಾಳೆ ಕಣೆ. ಇಳ್ಸಿದ್ ಪುಡಿನೇ ಒಣಗ್ಸಿ ಇನ್ನೊಂದ್ಸಲ ಹಾಕ್ತಾಳೆ.'

ನನ್ನ ಮೈ ಉರಿದುಹೋಯಿತು. ಅವರು ಒಳಗೆ ಬಂದ ಮೇಲೆ ನಾನೂ ಅಂದೆ, ಅವರೂ ಅಂದರು, ಜಗಳವೇ ಆಯಿತು. ಸಂಜೆ ಮಗನನ್ನು ಕರೆದು ತೀರ್ಮಾನ ಹೇಳಿದರು.

'ಲೋಕೇಶ, ಯುಗಾದಿ ಆದ್ಮೇಲೆ ನನ್ನ ಒಲೆ ಬ್ಯಾರೆ. ಹಿತ್ತಿಲ ರೂಮ್ನಾಗೆ ಒಂದು ಸ್ಟವ್ ಇಕ್ಕುಬುಡು.'

ನಮ್ಮ ಕಡೆ ಒಲೆ ಬೇರೆಯಾದರೆ ಮನೆ ಎರಡಾದ ಹಾಗೆಯೇ. ಮತ್ತೆ ಒಂದಾದವರನ್ನು ನಾನು ಕಂಡಿಲ್ಲ. ಬಾಯಿ ಜೋರು ಅನ್ನುವುದೊಂದನ್ನು ಬಿಟ್ಟರೆ ಅತ್ತೆ ನನಗೆ ಇಷ್ಟ. ನೈಟ್ ಶಿಫ್ಟ್ ಮುಗಿಸಿ ಬಂದ ದಿನ ನನ್ನನ್ನು ಎಬ್ಬಿಸದೆ ಕೆಲಸವನ್ನೆಲ್ಲ ತಾವೇ ಮಾಡಿ ಮುಗಿಸುತ್ತಿದ್ದವರು. ಅವರನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಭಾನುವಾರ ಬೆಳಿಗ್ಗೆ 'ಅತ್ತೆ, ಇವತ್ತು ನೀವೇ ಮಾಡಿ. ನಾನು ಏನೂ ಮುಟ್ಟಕ್ಕಿಲ್ಲ' ಎಂದೆ. ಅವರೇ ಫಿಲ್ಟರಿಗೆ ಪುಡಿ ಹಾಕಿದರು, ಅವರೇ ಒತ್ತಿದರು, ಅವರೇ ಬಿಸಿನೀರು ಸುರಿದರು. ಹಾಲನ್ನು ಒಲೆಗಿಟ್ಟು, ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯತೊಡಗಿದರು. ನಾನು ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋದೆ. ಅಲ್ಲಿಗೆ ಸೀದ ವಾಸನೆ ಬಂತು. ಓಡಿ ಬಂದು ನೋಡಿದರೆ ಹಾಲು ತಳ ಹಿಡಿದು ಕರಿಯಾಗಿತ್ತು. ಅತ್ತೆ ಒಲೆಗೆ ಬೆನ್ನು ಹಾಕಿ ಕಾಯಿ ಸುಲಿಯುತ್ತಲೇ ಇದ್ದರು.

'ಅತ್ತೆ, ಹಾಲು ಸೀದೋಗೈತೆ. ವಾಸ್ನೆ ಬರ್ಲಿಲ್ವಾ?'

'ಈಗಿನ ಪಾಕೀಟ್ ಹಾಲಿಗೆ ವಾಸ್ನೆ ಎಲ್ಲೈತೆ? ಮಲ್ಲಿಗೆ ಹೂವ್ಗೇ ಇಲ್ಲ. ಎಲ್ಲಾ ಮದ್ದು ಹೊಡ್ದು ಕೆಡ್ಸವ್ರೆ.'

ಪಾತ್ರೆ ಇಳಿಸುತ್ತಿದ್ದವಳು ಹಾಗೇ ನಿಂತೆ. ಮಿಷನ್, ಫಿಲ್ಟರ್, ನೀರು, ಪುಡಿ, ಮಾಡುವ ಕೈ ಎಲ್ಲವನ್ನೂ ಬದಲಿಸಿ ಆಗಿತ್ತು. ಬದಲಾಗದೆ ಉಳಿದಿದ್ದದ್ದು ಕುಡಿಯುವವರು ಮಾತ್ರ.

'ಅತ್ತೆ, ಒಸಿ ಕಣ್ಮುಚ್ಕಳಿ' ಎಂದು ಇಂಗಿನ ಡಬ್ಬಿ ತೆಗೆದು ಅವರ ಮೂಗಿನ ಹತ್ತಿರ ಹಿಡಿದೆ. 'ಏನಿದು ಹೇಳಿ?'

ಎರಡು ಸಲ ಉಸಿರೆಳೆದುಕೊಂಡರು. 'ಇನ್ನೇನು, ಕಾಫಿ ಪುಡಿ.'

ಕಣ್ಣು ಬಿಟ್ಟು ಡಬ್ಬಿ ನೋಡಿದರು. ಅದನ್ನು ಕಸಿದುಕೊಂಡು ಮತ್ತೆ ಮೂಗಿಗೆ ಹಿಡಿದರು. ಕರಿಬೇವು ಹಿಸುಕಿ ನೋಡಿದರು. ಸೀದ ಪಾತ್ರೆಗೇ ಮುಖ ಬಗ್ಗಿಸಿದರು. ತಪ್ಪು ಸಿಕ್ಕಿದಾಗ ನನಗೆ ಯಾವಾಗಲೂ ಖುಷಿ. ಅವತ್ತು ಸಿಗದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

'ಸಂಕ್ರಾಂತಿ ಹಬ್ಬಕ್ಕೆ ಮುಂಚೆ ಆ ನೆಗಡಿ ಬಂದೋಯ್ತಲ್ಲ, ಆವಾಗಿಂದ್ಲೇ ಇರ್ಬೌದು' ಎಂದರು ಮೆಲ್ಲಗೆ. 'ನಾನು ನಿನ್ ಮ್ಯಾಲೆ ಹಾಕ್ಬುಟ್ಟೆ ಕಣಮ್ಮಿ. ಆ ಬ್ಯಾರೆ ಒಲೆ ಮಾತು ಬುಟ್ಬುಡು.'

'ನಾಳೀಕೆ ರಾಮನಗರಕ್ಕೆ ಹೋಗಿ ಡಾಕ್ಟ್ರಿಗೆ ತೋರ್ಸನ ಅತ್ತೆ. ಎಷ್ಟೋ ಜನಕ್ಕೆ ವಾಸಿ ಆಗೈತೆ.'

ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು. ಫಿಲ್ಟರಿನಲ್ಲಿ ಇಳಿದಿದ್ದ ಡಿಕಾಕ್ಷನ್ನನ್ನು ಹಾಲಿಲ್ಲದೆ ಹಾಗೇ ಲೋಟಕ್ಕೆ ಬಗ್ಗಿಸಿ, ಒಂದಿಷ್ಟು ಸಕ್ಕರೆ ಹಾಕಿ ನನ್ನ ಕೈಗಿಟ್ಟರು.

'ಕುಡಿ. ಹೆಂಗೈತೆ ಹೇಳು.'

'ಚೆನ್ನಾಗೈತೆ ಅತ್ತೆ.'

'ಹಂಗಲ್ಲ. ಘಮ ಹೆಂಗೈತೆ, ಬುಡ್ಸಿ ಹೇಳು.'

ಘಮವನ್ನು ಬಾಯಲ್ಲಿ ಹೇಳುವುದು ಹೇಗೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಲೋಟಕ್ಕೆ ಮೂಗು ಹಿಡಿದೆ.

'ಮೊದ್ಲು ಕಡ್ಲೆಕಾಯಿ ಬೀಜ ಹುರ್ದಂಗೆ' ಎಂದೆ. 'ಆಮ್ಯಾಕೆ ಬೆಲ್ಲದ ಪಾಕ ಒಸಿ ಜಾಸ್ತಿ ಕಾದಂಗೆ.'

ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

'ಹೂಂ' ಎಂದರು. 'ಆಮ್ಯಾಕೆ?'